ಇನ್ನೊಂದು ಕೊಡ ನೀರು

"ಕೈ ತೆಗೀರಿ! ಗಾಡಿ ಮ್ಯಾಲಿಂದ ಕೈ ತೆಗೀರಿ ಅಂದೆ!"

ನಾಲ್ಕು ಜನ ಆಗಲೇ ಕಾರಿನ ಹಿಂಬದಿಗೆ ಭುಜ ಕೊಟ್ಟಿದ್ದರು. ಐದನೆಯವನು ಹ್ಯಾಂಡ್‌ಬ್ರೇಕ್ ಇಳಿಸಲೆಂದು ಬಾಗಿಲ ಹಿಡಿಗೆ ಕೈ ಹಾಕಿದ್ದ. ಮನೆಯೊಳಗೆ ಗಂಡನ ಪಕ್ಕದಲ್ಲಿ ಕುಳಿತಿದ್ದ ಕಲ್ಯಾಣಮ್ಮ ಅದ್ಯಾವಾಗ ಎದ್ದು ಬಂದಳೋ, ಅವನ ಮಣಿಕಟ್ಟು ಹಿಡಿದು ಕೈ ಬಿಡಿಸಿಯೇಬಿಟ್ಟಳು. ಬೆಳಗಿನಿಂದ ಅತ್ತು ಅತ್ತು ಅವಳ ದನಿ ಬಿದ್ದುಹೋಗಿತ್ತು. ಆದರೂ ಆ ಮಾತು ಬೀದಿಯ ತನಕ ಕೇಳಿಸಿ, ಪೆಂಡಾಲಿನಲ್ಲಿ ಭಜನೆ ಹೇಳುತ್ತಿದ್ದವರು ತಾಳ ನಿಲ್ಲಿಸಿದರು.

"ಅವ್ವಾ, ಗಾಡಿ ದಾರ್ಯಾಗ ನಿಂತೈತಿ," ಎಂದ ಮಗ ಬಸವೇಶ್. "ಅಪ್ಪನ್ನ ಹೊತ್ತ ವಿಮಾನ ಹೆಂಗ ಹೊರಗ ಹೋಗಬೇಕು ಹೇಳು?"

"ಆರು ಗಂಟಿ ತನಕ ಇದನ್ನ ಅಲುಗಾಡಸಂಗಿಲ್ಲ. ನಿಮ್ಮಪ್ಪಾರು ಹೇಳ್ಯಾರ."

"ಅಪ್ಪ ಹೇಳಿದ್ದು ನಿನ್ನಿ, ಬೇ. ಇವತ್ತು..."

ಇವತ್ತು ಏನೆಂದು ಅವನಿಂದ ಹೇಳಲಾಗಲಿಲ್ಲ. ಇವತ್ತು ಅಪ್ಪ ಪಡಸಾಲೆಯ ಗೋಡೆಗೆ ಆನಿಕೊಂಡು ಕುಳಿತಿದ್ದ. ಹಣೆ ತುಂಬ ವಿಭೂತಿ, ಎಡ ಅಂಗೈಯಲ್ಲಿ ಲಿಂಗ, ಬಾಗದಂತೆ ಎದೆಗೆ ಸುತ್ತಿ ಗೂಟಕ್ಕೆ ಕಟ್ಟಿದ ಬಿಳಿ ಪಂಚೆ. ಬೆಳಗಿನ ಜಾವ ಎದ್ದು ನೀರು ಕೇಳಿದವನು, ಹೆಂಡತಿ ಚೊಂಬು ತರುವುದರೊಳಗೆ ಹೋಗಿಬಿಟ್ಟಿದ್ದ. ಅರವತ್ತಾರು ವರ್ಷವಾಗಿತ್ತು.

ಹರಪನಹಳ್ಳಿಯಲ್ಲಿ ಏಕಾಂತಪ್ಪ ಎಂದರೆ ಯಾವ ಏಕಾಂತಪ್ಪ ಎಂದು ಕೇಳುತ್ತಾರೆ. ಗ್ಲಾಸ್ ಏಕಾಂತಪ್ಪ ಎಂದರೆ ಕೂಡ್ಲಿಗಿ, ಹಡಗಲಿಯಲ್ಲೂ ಮನೆ ತೋರಿಸುವವರಿದ್ದರು. ಮುಂಗಾಜು ಸೋರುವ ಕಾರುಗಳಿಗೆ ಅವನೇ ಡಾಕ್ಟರು. ಹೊಸ ಕಾರಿನ ಗಾಜನ್ನು ಅಂಟಿನಿಂದ ಕೂರಿಸಿರುತ್ತಾರೆ. ನಮ್ಮ ಕಡೆಯ ಹತ್ತು ಬೇಸಿಗೆ, ನಮ್ಮ ಹಳ್ಳಿಗಳ ರಸ್ತೆ ಕಂಡ ಮೇಲೆ ಅದು ಎಲ್ಲಾದರೂ ಒಂದು ಕಡೆ ಬಾಯಿ ಬಿಡುತ್ತದೆ, ಮಳೆ ಬಂದರೆ ಹನಿ ನೇರವಾಗಿ ಮೊಣಕಾಲ ಮೇಲೆ ಬೀಳುತ್ತದೆ. ಬೇರೆಯವರು ಹೊರಗಿನಿಂದ ಇಷ್ಟು ಅಂಟು ಮೆತ್ತಿ ಕೈ ತೊಳೆದುಕೊಳ್ಳುತ್ತಿದ್ದರು. ಏಕಾಂತಪ್ಪ ಸಣ್ಣ ತಂತಿ ಹಾಕಿ ಇಡೀ ಗಾಜನ್ನೇ ಕೊಯ್ದು ತೆಗೆಯುವನು. ಹಳೆಯ ಅಂಟನ್ನು ಕೆರೆದು, ಒರೆಸಿ, ಹೊಸ ಅಂಟನ್ನು ಸುತ್ತಲೂ ಒಂದೇ ಎಳೆಯಾಗಿ ಎಳೆದು ಗಾಜು ಕೂರಿಸುವನು. ಆಮೇಲೆ ಬಾಗಿಲ ಕಿಟಕಿಗಳನ್ನು ಒಂದೊಂದು ಇಂಚು ಇಳಿಸಿ ಬಿಡುವನು. ಯಾರಾದರೂ ಬಾಗಿಲನ್ನು ದಬ್ಬೆಂದು ಹಾಕಿದರೆ ಒಳಗಿನ ಗಾಳಿ ಹಸಿ ಅಂಟನ್ನು ಹೊರಕ್ಕೆ ನೂಕುತ್ತದೆ ಎಂಬ ಎಚ್ಚರಿಕೆ ಅದು. ಅಲ್ಲಿಂದ ಮುಂದೆ ಇಪ್ಪತ್ನಾಲ್ಕು ತಾಸು ಆ ಗಾಡಿಯನ್ನು ಯಾರೂ ಕದಲಿಸುವಂತಿಲ್ಲ.

ಈ ಬಿಳಿ ಕಾರಿಗೆ ಗಾಜು ಕೂರಿಸಿದ್ದು ನಿನ್ನೆ ಸಂಜೆ ಆರಕ್ಕೆ. ಅದು ನಿಂತದ್ದು ಮನೆಗೂ ಬೀದಿಗೂ ನಡುವೆ, ಎರಡು ಗೋಡೆಗಳ ಸಂದಿಯಲ್ಲಿ. ಮೇಲೆ ತಗಡು, ಇಕ್ಕೆಲಕ್ಕೂ ಮೊಣಕಾಲೆತ್ತರದ ಕಲ್ಲಿನ ಕಟ್ಟೆ. ಅದೇ ಅವನ ವರ್ಕ್‌ಶಾಪು, ಅದೇ ಮನೆಯ ದಾರಿ. ಒಂದು ಕಾರು ನಿಂತರೆ ಸಂದಿ ತುಂಬಿತು. ಬೆಳಗಿನಿಂದ ಮಣ್ಣಿಗೆ ಬಂದವರೆಲ್ಲ ಒಬ್ಬೊಬ್ಬರಾಗಿ ಕಟ್ಟೆ ಹತ್ತಿ, ಗೋಡೆಗೆ ಬೆನ್ನು ಉಜ್ಜಿಕೊಂಡು ಒಳಗೆ ಹೋಗಿ ಅತ್ತು ಬಂದಿದ್ದರು. ಬೆನ್ನಿಗೆ ಸುಣ್ಣ ಹತ್ತಿಸಿಕೊಳ್ಳದೆ ದುಃಖ ತೋಡಿಕೊಂಡವರು ಒಬ್ಬರೂ ಇರಲಿಲ್ಲ. ಇನ್ನು ಸಂದಿಯ ಬಾಯಿಯಲ್ಲಿ ಚರಂಡಿಯ ಮೇಲೆ ಎತ್ತರಕ್ಕೆ ಹಾಸಿದ ಕಲ್ಲು. ಗಾಡಿ ಬೀದಿಗಿಳಿಯಬೇಕಾದರೆ ಅದರ ಮೇಲೆ ಹತ್ತಿ ಕುಕ್ಕರಿಸಿ ಬೀಳಲೇಬೇಕು. ಹಸಿ ಅಂಟಿಗೆ ಆ ಒಂದು ಏಟು ಸಾಕು.

"ಹೊತ್ತು ಮುಳುಗೋದ್ರೊಳಗ ಸಮಾಧಿ ಆಗಬೇಕವ್ವ," ಎಂದರು ಅಯ್ಯನವರು ಕೊಟ್ರಸ್ವಾಮಿ, ಮೆಲ್ಲಗೆ. "ನಾಲ್ಕಕ್ಕರ ಮನಿ ಬಿಡಬೇಕು. ವಿಮಾನದಾಗ ಒಮ್ಮಿ ಕುಂದ್ರಿಸಿದ ಮ್ಯಾಲ ನಡುವ ಇಳಸೋ ಪದ್ಧತಿ ಇಲ್ಲ."

ವಿಮಾನ ಅಂಗಳದಲ್ಲಿ ಸಿದ್ಧವಾಗಿತ್ತು. ಬಿದಿರು, ಬಾಳೆಕಂಬ, ಚೆಂಡುಹೂವು ಸೇರಿಸಿ ಕಟ್ಟಿದ, ಕುಳಿತವನ ತಲೆಯ ಮೇಲೆ ಮೂರು ಮೊಳದ ಗೋಪುರವಿದ್ದ ಪಲ್ಲಕ್ಕಿಯಂಥದ್ದು. ಅದನ್ನು ಹೊತ್ತು ಕಾರಿನ ಪಕ್ಕದಲ್ಲಿ ನುಸುಳುವುದು ಸಾಧ್ಯವೇ ಇರಲಿಲ್ಲ.

"ಏಕಾಂತಣ್ಣ ಬದುಕಿದ್ದಾಗ ಮಂತ್ರಿ ಹಿಂದ ಹೋಗೋ ಜೀಪನ್ನ ಬಿಡಲಿಲ್ಲ," ಎಂದ ಎದುರಿನ ಪಂಕ್ಚರ್ ಅಂಗಡಿಯ ಹುಲುಗೇಶ. ಇಪ್ಪತ್ತು ವರ್ಷದ ಗೆಳೆಯ, ಮುಖವೆಲ್ಲ ಅತ್ತು ಬಾತುಹೋಗಿತ್ತು. "ಇನ್ನ ತನಗ ದಾರಿ ಬಿಡ್ತಾನೇನ್ರಿ?"

ಅಷ್ಟರಲ್ಲಿ ಹೊರಗೆ ಯಾರೋ ಪೆಂಡಾಲಿನ ಕೆಳಗೆ ಗಲಿಬಿಲಿಗೊಂಡು ನಿಂತದ್ದು ಕಾಣಿಸಿತು. ಕೊಟ್ಟೂರಿನ ಅಮರೇಶ್. ಕಾರು ಅವನದೇ. ಗಾಡಿ ಎಷ್ಟೊತ್ತಿಗೆ ಸಿಗುತ್ತದೆಂದು ಕೇಳಲು ಬಸ್ಸಿಳಿದು ಬಂದವನಿಗೆ ಸುದ್ದಿ ಗೊತ್ತಿರಲಿಲ್ಲ. ಗೊತ್ತಾದ ಮೇಲೆ ಚಪ್ಪಲಿ ಬಿಟ್ಟು, ಕಟ್ಟೆ ಹತ್ತಿ ಒಳಗೆ ಬಂದ.

"ನನ್ನ ಗಾಡಿ ಸಲುವಾಗಿ ಇವರನ್ನ ತಡೀತೀರೇನ್ರಿ?" ಎಂದ. "ತಳ್ಳಿಸ್ರಿ ಅತ್ಲಾಗ. ಸೋರಿದ್ರ ಸೋರ್ಲಿ. ನಾ ಬ್ಯಾರೆ ಕಡಿ ಮಾಡಿಸ್ಕೆಂತೀನಿ."

"ನಿಂದು ಅಂತನ ಬ್ಯಾಡ ಅನ್ನಾಕತ್ತೀನಿ, ತಮ್ಮ," ಎಂದಳು ಕಲ್ಯಾಣಮ್ಮ. "ಬ್ಯಾರೇರದಾಗಿದ್ರ ನಾನ ನೂಕ್ತಿದ್ದೆ."

ಬಸವೇಶ್ ತಲೆ ತಗ್ಗಿಸಿದ. ಅವನಿಗೂ ತಾಯಿಗೂ ಅದು ಯಾಕೆಂದು ಗೊತ್ತಿತ್ತು.

* * *

ಹದಿನಾಲ್ಕು ವರ್ಷದ ಹಿಂದೆ ಅಮರೇಶನ ಮದುವೆಗೆ ಅವನ ಅಪ್ಪ ಕಾರು ತಂದು ಇದೇ ಸಂದಿಯಲ್ಲಿ ನಿಲ್ಲಿಸಿದ್ದರು. ಮುಂಗಾಜು ಬಿರಿದಿತ್ತು. ಏಕಾಂತಪ್ಪ ಬೆಳಿಗ್ಗೆ ಹೊಸ ಗಾಜು ಕೂರಿಸಿ, ನಾಳೆ ಬರ್ರಿ ಎಂದು ಹೇಳಿ ನೀಲಗುಂದಕ್ಕೆ ಯಾರದೋ ಸೀಮಂತಕ್ಕೆ ಹೋದ. ಮಧ್ಯಾಹ್ನ ದಿಬ್ಬಣದ ಜನ ಬಂದರು. ಹಡಗಲಿಗೆ ಸಂಜೆಯೊಳಗೆ ಮುಟ್ಟಬೇಕು, ಬೇರೆ ಗಾಡಿ ಕೈಕೊಟ್ಟಿದೆ ಎಂದು ಗೋಗರೆದರು. ಮನೆಯಲ್ಲಿದ್ದವನು ಬಸವೇಶ್. ಇಪ್ಪತ್ತನಾಲ್ಕು ವರ್ಷ. ಮದುವೆಯ ಗಾಡಿಗೆ ಇಲ್ಲ ಎನ್ನುವುದು ಹೇಗೆಂದು ಅವನೇ ಸ್ಟೇರಿಂಗ್ ಹಿಡಿದು ಚರಂಡಿ ಕಲ್ಲು ದಾಟಿಸಿಕೊಟ್ಟ.

ದಾರಿಯಲ್ಲಿ ಮಳೆ ಹಿಡಿಯಿತು. ಮುಂದಿನ ಸೀಟಿನಲ್ಲಿ ಅಮರೇಶನ ಅಪ್ಪ ತಾಳಿ, ಸೀರೆ ಇಟ್ಟ ಹರಿವಾಣವನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದರು. ಹಡಗಲಿ ಮುಟ್ಟುವಷ್ಟರಲ್ಲಿ ಹರಿವಾಣದಲ್ಲಿ ಎರಡು ಬೆರಳು ನೀರು ನಿಂತು, ಧಾರೆ ಸೀರೆಯ ಕೆಂಪು ಬಣ್ಣ ಬಿಟ್ಟು ಅವರ ಬಿಳಿ ಪಂಚೆಗೆಲ್ಲ ಹರಡಿತ್ತು. ಹೆಣ್ಣಿನ ಕಡೆಯ ಮುದುಕಿಯರು ಅಪಶಕುನ ಎಂದರು. ತುಂಬಿದ ಚಪ್ಪರದಲ್ಲಿ ಆ ಹಿರಿಯರಿಗೆ ತಲೆಯೆತ್ತಲಾಗಲಿಲ್ಲ.

ಮೂರನೆಯ ದಿನ ಅವರು ಬಂದು ಬೀದಿಯಲ್ಲಿ ನಿಂತು ಬೈದರು. ಬಸವೇಶ್ ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡ. ಏಕಾಂತಪ್ಪ ಮಗನ ಕಡೆ ಒಂದು ಸಲ ನೋಡಿ, ಹೊರಗೆ ಹೋಗಿ ಕೈಮುಗಿದು, "ತಪ್ಪು ನಂದಾತ್ರಿ. ಅಂಟು ಹಸಿ ಇದ್ದಾಗ್ಲೇ ಬಿಟ್ಟೆ," ಎಂದ.

ಅಂದಿನಿಂದ ಆ ಹಿರಿಯರು ಮದುವೆ, ತಿಥಿ, ಸಂತೆ, ಎಲ್ಲಿ ನಾಲ್ಕು ಜನ ಸೇರಿದರೂ ಏಕಾಂತಪ್ಪನ ಕೈ ಸೋರುತ್ತದೆ ಎಂದು ಹೇಳುತ್ತಲೇ ಹೋದರು. ಕೊಟ್ಟೂರಿನ ಕಡೆಯಿಂದ ಆಮೇಲೆ ಒಂದು ಗಾಡಿಯೂ ಬರಲಿಲ್ಲ. ಏಕಾಂತಪ್ಪ ಆ ಮಾತನ್ನು ಮನೆಯಲ್ಲಿ ಎತ್ತಲಿಲ್ಲ, ಮಗನನ್ನು ಬೈಯಲಿಲ್ಲ. ಬೈದಿದ್ದರೆ ಬಸವೇಶನಿಗೆ ಎಷ್ಟೋ ಹಗುರಾಗುತ್ತಿತ್ತು. ಅವನು ಮರುವರ್ಷವೇ ಅಪ್ಪನ ಕೆಲಸ ಬಿಟ್ಟು ಮೆಕ್ಕೆಜೋಳದ ದಲ್ಲಾಳಿ ಅಂಗಡಿ ಸೇರಿಕೊಂಡ.

* * *

"ಅಮರೇಶಣ್ಣ," ಎಂದ ಬಸವೇಶ್. ಸುತ್ತ ಹತ್ತಾರು ಜನ ಇದ್ದರು. "ಆವತ್ತು ನಿಮ್ಮ ಮದಿವಿ ಗಾಡಿ ಬಿಟ್ಟಾವ ಅಪ್ಪ ಅಲ್ಲ. ನಾನು. ಅಪ್ಪ ಊರಾಗ ಇರಲಿಲ್ಲ."

ಅಮರೇಶ್ ಅವನನ್ನೇ ನೋಡಿದ.

"ನಮ್ಮಪ್ಪ ಸಾಯೋತನಕ ಏಕಾಂತಪ್ಪನ ಕೈ ಸೋರತೈತಿ ಅಂತನ ಅಂದ, ಬಸವೇಶ್."

"ಗೊತ್ತೈತಿ. ನನ್ನ ಕಿವಿಲೇ ಕೇಳೀನಿ. ಬಾಯಿ ಬಿಡಲಿಲ್ಲ."

"ಹದಿನಾಕು ವರ್ಷ?"

"ಹೂಂ."

ಕಲ್ಯಾಣಮ್ಮ ಮಗನ ಬೆನ್ನ ಮೇಲೆ ಕೈಯಿಟ್ಟಳು. ಈ ಮಾತನ್ನು ಒಂದು ದಿನ ಮೊದಲು ಆಡಿದ್ದರೆ ಕೇಳಬೇಕಾದವನು ಕೇಳುತ್ತಿದ್ದ ಎಂದು ಅವಳಿಗೆ ಅನ್ನಿಸಿತು. ಆದರೆ ಆಡಿದನಲ್ಲ ಎಂಬ ಸಮಾಧಾನವೂ ಆಯಿತು.

ಅಮರೇಶ್ ಕಾರನ್ನೂ ಮೇಲಿನ ತಗಡನ್ನೂ ನೋಡಿದ. "ಗಾಡಿ ಅಲುಗಾಡೋದು ಬ್ಯಾಡ," ಎಂದ. "ಇವರನ್ನ ಗಾಡಿ ಮ್ಯಾಲಿಂದ ದಾಟಿಸಿದ್ರ?"

"ದಾಟಸಬೌದು. ಗೋಪುರ ತಗಡಿಗೆ ಬಡೀತೈತಿ," ಎಂದ ಬಸವೇಶ್.

"ತಗಡಿಂದೇನ್ ದೊಡ್ಡ ಮಾತಲೇ," ಎಂದ ಹುಲುಗೇಶ, ಆಗಲೇ ಬೋಲ್ಟು ಬಿಚ್ಚುವ ಪಾನಾ ತರಲು ಬೀದಿ ದಾಟುತ್ತ. "ಹಾಕ್ದಾವ ನಾನ, ಬಿಚ್ಚಾಂವನೂ ನಾನ."

ಎಲ್ಲರೂ ಅಯ್ಯನವರ ಮುಖ ನೋಡಿದರು. ಅವರು ಗಡ್ಡ ನೀವಿಕೊಂಡು, "ಇಳಸಂಗಿಲ್ಲ ಅಂದೆ. ಎತ್ತಬಾರದು ಅಂತ ಯಾರೂ ಅಂದಿಲ್ಲ," ಎಂದರು.

ಮೂರು ಗಂಟೆಗೆ ತಗಡು ಬಿಚ್ಚಲು ಶುರುವಾಯಿತು. ಮಣ್ಣಿಗೆ ಬಂದವರಲ್ಲಿ ಅರ್ಧ ಜನ ಗಾರೆ, ಗ್ಯಾರೇಜು ಕೆಲಸದವರೇ. ದುಃಖದಲ್ಲಿ ಕೈ ಕಟ್ಟಿ ಕೂರುವುದಕ್ಕಿಂತ ಇದು ಅವರಿಗೆ ಹಿಡಿಸಿತು. ಒಂದೊಂದೇ ಹಾಳೆ ಇಳಿಯುತ್ತಿದ್ದಂತೆ, ಇಪ್ಪತ್ತು ವರ್ಷ ಬಿಸಿಲು ಕಾಣದ ಸಂದಿಗೆ ಬೆಳಕು ಬಿತ್ತು. ಹುಲುಗೇಶ ಮೇಲೆ ಕುಳಿತು ಬೋಲ್ಟು ತಿರುವುತ್ತ, "ನೋಡ್ರಪಾ, ಒಂದು ಪಾನಾನೂ ಗಾಜಿನ ಮ್ಯಾಲ ಬೀಳಬಾರದು. ಎದ್ದು ಬಂದು ಬೈತಾನ," ಎಂದು ಹೇಳುತ್ತಲೇ ಇದ್ದ.

ನಾಲ್ಕೂವರೆಗೆ ಅಯ್ಯನವರು ಪದ್ಧತಿಯಂತೆ ಏಕಾಂತಪ್ಪನ ತಲೆಯ ಮೇಲೆ ಪಾದವಿಟ್ಟು ಹರಸಿದರು. ವಿಮಾನದಲ್ಲಿ ಕೂರಿಸಿದರು. ಎರಡೂ ಕಟ್ಟೆಗಳ ಮೇಲೆ ಹತ್ತತ್ತು ಜನ ಸಾಲಾಗಿ ನಿಂತು ಕೈ ಮೇಲೆತ್ತಿದರು. ಮೊದಲ ಹಿಡಿ ಒಂದು ಕಡೆ ಬಸವೇಶನದು, ಇನ್ನೊಂದು ಕಡೆ ಅಮರೇಶನದು. ವಿಮಾನ ಕೈಯಿಂದ ಕೈಗೆ, ತಲೆಗಳ ಮೇಲೆ, ಒಂದೊಂದು ಗೇಣು ಸರಿಯಿತು. ತನ್ನ ಕೊನೆಯ ಕೆಲಸದ ಮೇಲಿಂದ ಏಕಾಂತಪ್ಪ ಹಣೆಯ ವಿಭೂತಿಯೊಂದಿಗೆ ನೆಟ್ಟಗೆ ಕುಳಿತು ದಾಟಿದ. ಒಂದು ಚೆಂಡುಹೂವು ಉದುರಿ ಗಾಜಿನ ಮೇಲೆ ಬಿದ್ದು ಅಲ್ಲೇ ಉಳಿಯಿತು. ಯಾರೂ ಅದನ್ನು ತೆಗೆಯಲು ಕೈ ಚಾಚಲಿಲ್ಲ.

* * *

ನಿನ್ನೆ ಸಂಜೆ ಅವನು ಇದೇ ಗಾಜಿನ ಮೇಲೆ ಎರಡೂ ಅಂಗೈ ಊರಿ ಮೆಲ್ಲಗೆ ಅದುಮುತ್ತಿದ್ದ. ಕಲ್ಯಾಣಮ್ಮ ಚಹಾ ಹಿಡಿದು ನಿಂತಿದ್ದಳು.

"ಆ ಹುಡುಗ ಯಾಕ ಇಲ್ಲಿಗೇ ತಂದಾನ?" ಎಂದು ಕೇಳಿದ್ದಳು.

"ಮೂರು ಕಡಿ ತೋರಿಸ್ಯಾನಂತ, ಸೋರೋದು ನಿಂತಿಲ್ಲ. ಹೆಂಡ್ತಿ ಅಂದ್ಲಂತ, ಅವತ್ತು ಸೀರಿ ಬಣ್ಣ ಹೋದ್ರೂ ನಮ್ಮ ಬಾಳ್ವಿ ಚೊಲೋನ ನಡದೈತಿ, ಹರಪನಹಳ್ಳಿಗೇ ಒಯ್ಯಿ ಅಂತ." ಹೇಳುತ್ತ ಅವನು ನಕ್ಕಿದ್ದ. ನಕ್ಕಾಗ ಕೆಮ್ಮು ಬಂದು ಎದೆ ಒತ್ತಿಕೊಂಡಿದ್ದ. ಆಮೇಲೆ ಗಾಜನ್ನೇ ನೋಡುತ್ತ, "ಯಾವ ಗಾಡಿ ಸೋರಿದ್ರೂ ಸೋರ್ಲಿ ಕಲ್ಯಾಣಿ, ಇದು ಸೋರಬಾರದು," ಎಂದಿದ್ದ. "ನಾಳಿ ಆರಕ್ಕ ಕೊಡ ತುಂಬಿ ಇಟ್ಟಿರು."

ಪರೀಕ್ಷೆಗೆ ಅವನದೊಂದು ರೀತಿ ಇತ್ತು. ಗಾಜು ಕೂರಿಸಿದ ಸಂಜೆಯೇ ಒಳಗೆ ಕುಳಿತು, ಗಾಜು ಬಂದು ಸೇರುವ ಅಂಚಿನುದ್ದಕ್ಕೂ ಮೂರು ಬೆರಳಿನಿಂದ ಒಣ ವಿಭೂತಿ ಎಳೆಯುವನು. ಮರುದಿನ ಕಲ್ಯಾಣಮ್ಮ ಹೊರಗಿನಿಂದ ಕೊಡಗಟ್ಟಲೆ ನೀರು ಹಾಕಬೇಕು. ಸಾಸಿವೆಯಷ್ಟು ನೀರು ಒಳಗೆ ಬಂದರೂ ಬಿಳಿ ಬೂದಿ ಕಪ್ಪಾಗಿ ತೋರಿಸುತ್ತದೆ. ಒಳಗಿನಿಂದ ಅವನು, "ಇನ್ನೊಂದು ಕೊಡ ಹಾಕು ಕಲ್ಯಾಣಿ," ಎನ್ನುವನು. ಅವಳ ರಟ್ಟೆ ಸೋತು ಸಾಕಾಯಿತೆಂದರೂ, "ಇನ್ನೊಂದೇ ಒಂದು," ಎನ್ನುವನು. ಮದುವೆಯಾದ ಮೂರನೆಯ ವರ್ಷದಿಂದ ಇದೇ ನಡೆದುಕೊಂಡು ಬಂದಿತ್ತು.

* * *

ಮಣ್ಣಿಗೆ ಹೋದವರು ಇನ್ನೂ ಬಂದಿರಲಿಲ್ಲ. ನೆರೆಯ ಪಾಲಮ್ಮ ಒಳಗೆ ಪಡಸಾಲೆ ತೊಳೆಯುತ್ತಿದ್ದಳು. ಕಲ್ಯಾಣಮ್ಮ ಕಟ್ಟೆಯ ಮೇಲೆ ಕುಳಿತಿದ್ದಳು. ಐದೂವರೆ ದಾಟಿರಬೇಕು. ಕೆರೆಯ ಕಡೆಯಿಂದ ಗಾಳಿ ಎದ್ದು ಪೆಂಡಾಲಿನ ಬಟ್ಟೆ ಪಟಪಟ ಎಂದಿತು, ಅದರ ಹಿಂದೆಯೇ ಉತ್ತರಿ ಮಳೆ ದಪ್ಪ ದಪ್ಪ ಹನಿಯಾಗಿ ಬಿತ್ತು.

ಅವಳು ತಲೆಯೆತ್ತಿ ನೋಡಿದಳು. ಮೇಲೆ ತಗಡಿಲ್ಲ. ಗಂಡನನ್ನು ದಾಟಿಸುವ ಭರದಲ್ಲಿ ಎಲ್ಲರೂ ಅದನ್ನು ಗೋಡೆಗೆ ಒರಗಿಸಿ ಹೋಗಿದ್ದರು. ಮಳೆ ನೇರವಾಗಿ ಕಾರಿನ ಮೇಲೆ ಬೀಳುತ್ತಿತ್ತು, ಆರಕ್ಕೆ ಇನ್ನೂ ಇಪ್ಪತ್ತು ನಿಮಿಷ ಇತ್ತು, ಕಿಟಕಿಗಳು ಒಂದೊಂದು ಇಂಚು ತೆರೆದಿದ್ದವು. ಆ ಸಂದಿನಿಂದ ನೀರು ಒಳಗೆ ಹೋದರೆ ಗಾಜು ಸೋರಿತೋ ಕಿಟಕಿ ಸೋರಿತೋ ಎಂದು ಯಾರಿಗೆ ಗೊತ್ತಾಗಬೇಕು? ಸೋರುವ ಕೈ ಎಂಬ ಮಾತು ಹೆಣದ ಹಿಂದೆಯೂ ಬರುತ್ತದೆ.

ಅವಳು ಬಾಗಿಲನ್ನು ತನ್ನ ಮೈ ಹಿಡಿಸುವಷ್ಟೇ ತೆರೆದು ಒಳಗೆ ನುಸುಳಿದಳು. ಅವನು ಹಾಕುತ್ತಿದ್ದ ಹಾಗೆಯೇ ಮೆಲ್ಲಗೆ ಎಳೆದುಕೊಂಡು, ಕೊನೆಯಲ್ಲಿ ಎರಡೂ ಕೈಯಿಂದ ಅದುಮಿ ಬಾಗಿಲು ಹಾಕಿದಳು. ಆಮೇಲೆ ಹಿಡಿಕೆ ತಿರುವಿ ತಿರುವಿ ನಾಲ್ಕೂ ಕಿಟಕಿ ಏರಿಸಿದಳು. ಏರಿಸಿ, ಅವನ ಸೀಟಿನಲ್ಲಿ ಕುಳಿತಳು.

ನಲವತ್ತು ವರ್ಷ ನೀರು ಹಾಕಿದ್ದಳೇ ಹೊರತು ಒಮ್ಮೆಯೂ ಒಳಗೆ ಕುಳಿತಿರಲಿಲ್ಲ. ಒಳಗಿನಿಂದ ನೀರು ಹೀಗೆ ಕಾಣುತ್ತದೆಂದು ಅವಳಿಗೆ ಗೊತ್ತಿರಲಿಲ್ಲ. ಗಾಜಿನ ತುಂಬ ಹರಿಯುವ ನೀರು, ಅದರಾಚೆ ಗೋಡೆ, ಬೀದಿ, ಎಲ್ಲ ಕರಗಿದ ಹಾಗೆ. ಇಷ್ಟು ವರ್ಷ ಅವನು ಇಲ್ಲಿಂದ, ಈ ನೀರಿನಾಚೆ ಸೀರೆ ಎತ್ತಿ ಕಟ್ಟಿ ಕೊಡ ಹಿಡಿದು ನಿಂತ ತನ್ನನ್ನು ನೋಡಿದ್ದ. ಅದಕ್ಕೇ ಇನ್ನೊಂದು, ಇನ್ನೊಂದು ಎನ್ನುತ್ತಿದ್ದನೇನೋ. ಬೆಳಗಿನಿಂದ ಬಂದವರೆದುರು ಅತ್ತದ್ದು ಬೇರೆ. ಈಗ ಅವಳಿಗೆ ನಿಜವಾದ ಅಳು ಬಂತು, ತಡೆಯುವವರಿಲ್ಲದೆ ಅತ್ತಳು.

ಅತ್ತು ಮುಗಿದ ಮೇಲೂ ಅಂಚನ್ನು ನೋಡುವ ಧೈರ್ಯವಾಗಲಿಲ್ಲ. ಗಾಜಿನಾಚೆಗೆ ಮಾತ್ರ ನೋಡುತ್ತ ಕುಳಿತಳು.

ಮಣ್ಣಿನಿಂದ ಬಂದವರು ತೊಯ್ದು ತೊಪ್ಪೆಯಾಗಿದ್ದರು. ಬಸವೇಶ್ ಮೊದಲು ಕಂಡದ್ದು ಬಿಚ್ಚಿದ ತಗಡು, ಆಮೇಲೆ ಕಾರು, ಆಮೇಲೆ ಒಳಗೆ ಕುಳಿತ ತಾಯಿ. ಓಡಿ ಬಂದು ಕಟ್ಟೆ ಹತ್ತಿ ಗಾಜಿಗೆ ಮುಖ ತಂದ. ಹಿಂದೆ ಅಮರೇಶ್, ಹುಲುಗೇಶ.

"ಅವ್ವಾ! ಸೋರ್ತೇನು?"

ಮಳೆ ಸಣ್ಣಗಾಗುತ್ತಿತ್ತು. ಅವಳು ಒಳಗಿನಿಂದಲೇ ಕೂಗಿದಳು. "ಆರಾತೇನು?"

"ಆರು ಹೊಡದು ಹತ್ತು ನಿಮಿಷ ಆತಕ್ಕ," ಎಂದ ಹುಲುಗೇಶ.

"ಹಂಗಾದ್ರ ಬಸೂ, ಕೊಡ ತಗಂಬಾ. ಮಳಿ ಲೆಕ್ಕಕ್ಕಿಲ್ಲ. ನಿಮ್ಮಪ್ಪಾರು ಕೊಡದ ನೀರನ್ನಷ್ಟ ನಂಬ್ತಿದ್ರು."

ಪಾಲಮ್ಮ ಒಳಗಿನಿಂದ ಹಿತ್ತಾಳೆ ಕೊಡ ತಂದುಕೊಟ್ಟಳು. ಬಸವೇಶ್ ಕಟ್ಟೆಯ ಮೇಲೆ, ಹೊರಗೆ ಯಾವಾಗಲೂ ತಾಯಿ ನಿಲ್ಲುತ್ತಿದ್ದ ಜಾಗದಲ್ಲಿ ನಿಂತು, ಗಾಜಿನ ಎಡಮೂಲೆಗೆ ನೀರು ಸುರಿದ. ಮಳೆಯಲ್ಲೂ ವೈಪರಿಗೆ ಸಿಕ್ಕಿ ನಿಂತಿದ್ದ ಚೆಂಡುಹೂವು ಜಾರಿ ಕೆಳಗೆ ಹೋಯಿತು. ಖಾಲಿ ಕೊಡವನ್ನು ಅಮರೇಶ್ ಇಸಿದುಕೊಂಡು ತೊಟ್ಟಿಯಲ್ಲಿ ತುಂಬಿ ತಂದು, ತಾನೇ ಬಲಮೂಲೆಗೆ ಸುರಿದ.

"ಏನಾರ ಬಿತ್ತೇನ್ರಿ ಅಕ್ಕಾ?" ಎಂದು ಕೇಳಿದ.

ಕಲ್ಯಾಣಮ್ಮ ಆಗ ಕಣ್ಣು ಇಳಿಸಿದಳು. ಗಾಜಿನ ಅಂಚಿನುದ್ದಕ್ಕೂ, ಈ ಮೂಲೆಯಿಂದ ಆ ಮೂಲೆಯ ತನಕ, ಮೂರು ಬಿಳಿ ಗೆರೆಗಳಿದ್ದವು. ನಡುಬೆರಳಿನ ಗೆರೆ ಒಂದು ಕಡೆ ಸ್ವಲ್ಪ ಸೊಟ್ಟಗಿತ್ತು. ಅವನ ಆ ಬೆರಳು ಹಳೆಯ ಗಾಜಿನ ಏಟಿಗೆ ಮಡಚುತ್ತಿರಲಿಲ್ಲ.

"ಇನ್ನೊಂದು ಕೊಡ ಹಾಕ್ರಿ," ಎಂದಳು.

ಮೂರನೆಯ ಕೊಡ ಬಿತ್ತು. ಅವಳು ತನ್ನ ಮೂರು ಬೆರಳನ್ನು ಆ ಗೆರೆಗಳ ಮೇಲೆ ಇಟ್ಟು, ಒಂದು ಗೇಣಿನಷ್ಟು ಎಳೆದು, ಹಣೆಗೆ ಹಚ್ಚಿಕೊಂಡಳು. ಬೂದಿ ಎಷ್ಟು ಒಣಗಿತ್ತೆಂದರೆ ಹಣೆಯ ಮೇಲೆ ನಿಲ್ಲದೆ, ಪುಡಿಪುಡಿಯಾಗಿ ಅವಳ ಮೂಗಿನ ಮೇಲೆ, ಮಡಿಲಲ್ಲಿ ಉದುರಿತು.